ಟೋಸ್ಟ್ ಮೇಲೆ ಸೊಪ್ಪು–ಚೀಸ್: ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತೆ, ಏನ್ಮಾಡ್ಲಿ?

ಕುವೆಂಪುನಗರದ ಸೊಸೆ · ಸೋಮವಾರ ಬೆಳಗ್ಗೆ 11:05

ಎಲ್ಲರಿಗೂ ನಮಸ್ಕಾರ. ಬರೋ ಶನಿವಾರ ನಮ್ಮ ಮಾವನವರು ರಿಟೈರ್ ಆಗ್ತಿದ್ದಾರೆ. ಸಂಜೆ ಅವರ ಆಫೀಸಿನವರು, ನೆಂಟರು ಎಲ್ಲ ಸೇರಿ ಇಪ್ಪತ್ತು ಜನ. ಊಟ ಹೊರಗಿಂದ ಬರುತ್ತೆ. ಊಟಕ್ಕೆ ಮುಂಚೆ ಕೈಗೆ ಏನಾದ್ರೂ ಕೊಡಬೇಕಲ್ಲ, ಅದು ನನ್ನ ಪಾಲು. ಬೋಂಡ ಬಜ್ಜಿ ಬೇಡ ಅಂದ್ಕೊಂಡೆ. ಬಾಣಲೆ ಮುಂದೆ ನಿಂತ್ರೆ ಬಂದವರ ಮುಖ ನೋಡೋದು ಅವರು ಚಪ್ಪಲಿ ಹಾಕ್ಕೊಳ್ಳೋವಾಗಲೇ.

ಹೋಟೆಲಲ್ಲಿ ಒಂದ್ಸಲ ತಿಂದಿದ್ದೆ: ಗರಿಗರಿ ಬ್ರೆಡ್ ತುಂಡು, ಮೇಲೆ ಪಾಲಕ್, ಅದರ ಮೇಲೆ ಕರಗಿದ ಚೀಸ್. ನಿನ್ನೆ ಪರೀಕ್ಷೆಗೆ ಅಂತ ಮನೇಲಿ ಮಾಡಿದೆ. ಮಾಮೂಲಿ ಸ್ಯಾಂಡ್‌ವಿಚ್ ಬ್ರೆಡ್, ಎರಡು ಕಟ್ಟು ಪಾಲಕ್ ಹೆಚ್ಚಿ ಬೆಳ್ಳುಳ್ಳಿ ಜೊತೆ ಬಾಡಿಸಿದ್ದು, ಮೇಲೆ ನೀರಿನಲ್ಲಿ ತೇಲಿಸಿ ಮಾರ್ತಾರಲ್ಲ ಆ ತಾಜಾ ಮೊಝರೆಲ್ಲಾ. ಓಟಿಜಿಯಲ್ಲಿ, ಅದೇ ಮೇಜಿನ ಮೇಲಿಡೋ ಕರೆಂಟ್ ಓವನ್‌ನಲ್ಲಿ, 180 ಡಿಗ್ರಿ, ಹತ್ತು ನಿಮಿಷ. ಆಚೆ ತೆಗೆದಾಗ ಫೋಟೋಗೆ ಚೆನ್ನಾಗಿತ್ತು. ತಟ್ಟೆಗೆ ಹಾಕಿ ಟೀ ಸೋಸೋದ್ರಲ್ಲಿ ಅಡಿಯಲ್ಲಿ ಹಸಿರು ನೀರು. ಎತ್ತಿದ್ರೆ ಮಧ್ಯದಲ್ಲಿ ಬಾಗಿ ಸೊಪ್ಪೆಲ್ಲ ಮಡಿಲಿಗೆ. ಮಗ ಹೇಳಿದ, "ಅಮ್ಮ, ಇದನ್ನ ಚಮಚದಲ್ಲಿ ತಿನ್ನೋದಾ?" ಅಂತ.

ನಾನು ಎಲ್ಲಿ ತಪ್ಪಿದೆ?

ಮದ್ದೂರು ಕಡೆಯವಳು · ಸೋಮವಾರ 11:20

ಸೊಪ್ಪು ಹಿಂಡಿದ್ರಾ?

ಕುವೆಂಪುನಗರದ ಸೊಸೆ · ಸೋಮವಾರ 11:24

ಇಲ್ವಲ್ಲ. ಬಾಡಿಸಿದ್ಮೇಲೆ ನೀರು ಇಂಗಿತ್ತು ಅನ್ಕೊಂಡೆ.

ಮದ್ದೂರು ಕಡೆಯವಳು · ಸೋಮವಾರ 11:41

ಇಂಗಲ್ಲ ಕಣಕ್ಕ. ಪಾಲಕ್ ಅನ್ನೋದು ಎಲೆ ಆಕಾರದಲ್ಲಿರೋ ನೀರು. ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಬಾಣಲೇಲಿ ಬಾಡಿದಾಗ ಹೊರಗಿನ ನೀರು ಆರಿರುತ್ತೆ, ಒಳಗಿಂದು ಹಂಗೇ ಕೂತಿರುತ್ತೆ. ಓವನ್ ಬಿಸಿಗೆ ಆಮೇಲೆ ಆಚೆ ಬರುತ್ತೆ. ಅದಕ್ಕೆ ಉಪ್ಪು ಬೇರೆ ಹಾಕಿರ್ತೀರಿ, ಉಪ್ಪು ಬಿದ್ದ ಮೇಲೆ ಸೊಪ್ಪು ನೀರು ಬಿಡ್ತಾನೇ ಇರುತ್ತೆ.

ಮೈಸೂರಿನವರಾಗಿ ಹಿಂಗಂದ್ರೆ ಹೆಂಗೆ? ನಮ್ಮಲ್ಲಿ ಬಸ್ಸಾರು ಮಾಡೋವಾಗ ಏನ್ಮಾಡ್ತೀವಿ? ಸೊಪ್ಪು, ಕಾಳು ಬೇಯಿಸಿ ಕಟ್ಟು, ಅಂದ್ರೆ ಬೇಯಿಸಿದ ನೀರು, ಬಸೀತೀವಿ. ಕಟ್ಟು ಸಾರಿಗೆ, ಗಟ್ಟಿ ಪಲ್ಯಕ್ಕೆ. ಆ ಪಲ್ಯ ಮುದ್ದೆ ಪಕ್ಕದಲ್ಲಿ ಇಟ್ರೆ ತಟ್ಟೇಲಿ ಒಂದು ಹನಿ ನೀರು ಹರೀತದಾ? ಇಲ್ಲ. ನಿಮ್ಮ ಬ್ರೆಡ್ ಮೇಲೆ ಕೂರಬೇಕಾದ್ದು ಆ ಪಲ್ಯ. ನೀವು ಕಟ್ಟು ಸಮೇತ ಕೂರಿಸಿದ್ದೀರಿ.

ನಾನು ಮಾಡೋದು: ದೊಡ್ಡ ಪಾತ್ರೇಲಿ ನೀರು ಕುದಿಸಿ ಸೊಪ್ಪು ಹಾಕಿ ಒಂದೇ ನಿಮಿಷ. ತೆಗೆದು ತಣ್ಣೀರಿಗೆ, ಬಣ್ಣ ಹಸಿರಾಗೇ ಉಳಿಯುತ್ತೆ. ಆಮೇಲೆ ಹಳೇ ಪಂಚೆ ಬಟ್ಟೇಲಿ ಕಟ್ಟಿ ತಿರುವಿ ತಿರುವಿ ಹಿಂಡಿ. ಸಾಕು ಅನ್ನಿಸಿದ್ಮೇಲೆ ಇನ್ನೊಂದು ಸಲ ಹಿಂಡಿ. ಹೆಚ್ಚೋದು ಆಮೇಲೆ. ಹೆಚ್ಚಿ ಬಾಣಲೆಗೆ ಹಾಕಿ ಎರಡು ನಿಮಿಷ ಬರೀ ಬಿಸೀಲಿ ಆಡಿಸಿ, ಆವಿ ನಿಲ್ಲೋವರೆಗೂ.

ಓಟಿಜಿ ಪ್ರಯೋಗಿ · ಸೋಮವಾರ ಮಧ್ಯಾಹ್ನ 1:15

ಮದ್ದೂರಿನವರು ಹೇಳಿದ್ದು ಸರಿ, ಆದರೆ ಅಪರಾಧಿಗಳು ಮೂರು ಜನ. ಸೊಪ್ಪು ಒಂದು. ಮೇಡಂ ಬಳಸಿದ ಚೀಸ್ ಎರಡನೆಯದು: ತಾಜಾ ಮೊಝರೆಲ್ಲಾದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಬ್ರೆಡ್ ಮೂರನೆಯದು, ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದರಲ್ಲೇ ನಾನು ಎರಡು ವರ್ಷ ಕೈ ಸುಟ್ಟುಕೊಂಡಿರೋದು.

ಸ್ಯಾಂಡ್‌ವಿಚ್ ಬ್ರೆಡ್‌ನಲ್ಲಿ ಸಕ್ಕರೆ, ಕೊಬ್ಬು ಇರುತ್ತೆ. ಹೊರಗೆ ಬೇಗ ಕೆಂಪಾಗುತ್ತೆ, ಒಳಗೆ ಹತ್ತಿಯ ಹಾಗೇ ಉಳಿಯುತ್ತೆ. ಕೆಂಪಾಗಿದೆ ಅಂತ ನಾವು ತೆಗೀತೀವಿ. ಎರಡು ನಿಮಿಷದಲ್ಲಿ ಒಳಗಿನ ತೇವ ಹೊರಗಿನ ಪದರಕ್ಕೆ ಬಂದು ಎಲ್ಲಾ ಮೆತ್ತಗೆ. ಮೇಲೆ ಏನೂ ಹಾಕದೇ ಇದ್ರೂ ಆಗುತ್ತೆ, ನೋಡಿ ಬೇಕಾದ್ರೆ.

ಉದ್ದ ಫ್ರೆಂಚ್ ಬ್ರೆಡ್ ಸಿಕ್ಕಿದ್ರೆ ಅದು. ಸಿಗದಿದ್ರೆ ಬೇಕರಿಯಲ್ಲಿ ಕತ್ತರಿಸದ ಪೌಂಡ್ ಬ್ರೆಡ್ ಕೇಳಿ ತನ್ನಿ. ಹಿಂದಿನ ದಿನದ್ದಾದ್ರೆ ಇನ್ನೂ ಒಳ್ಳೇದು. ಒಂದು ಸೆಂಟಿಮೀಟರ್‌ಗಿಂತ ತೆಳ್ಳಗೆ ಬೇಡ, ಒಂದೂವರೆ ದಾಟೋದೂ ಬೇಡ. ಬ್ರಶ್‌ನಲ್ಲಿ ಎರಡೂ ಬದಿಗೆ ತೆಳುವಾಗಿ ಎಣ್ಣೆ ಅಥವಾ ಕರಗಿಸಿದ ಬೆಣ್ಣೆ. ಇದು ರುಚಿಗಷ್ಟೇ ಅಲ್ಲ, ನೀರು ಒಳಗೆ ಇಳಿಯೋಕೆ ಒಂದು ತಡೆ. ಓವನ್ ಮೊದಲೇ ಬಿಸಿಯಾಗಿರಲಿ, 170–180ರಲ್ಲಿ ಹತ್ತು–ಹನ್ನೆರಡು ನಿಮಿಷ, ಅರ್ಧದಲ್ಲಿ ತಿರುವಿಹಾಕಿ. ಬೆರಳಲ್ಲಿ ಒತ್ತಿದ್ರೆ ಮಧ್ಯ ಕೂಡ ಒಣಗಿದೆ ಅನ್ನಿಸಬೇಕು. ತಂತಿ ಜಾಲರಿ ಮೇಲೆ ಬಿಡಿಬಿಡಿಯಾಗಿ ಆರಿಸಿ. ಬಿಸಿಬಿಸಿ ಇರೋವಾಗ ಒಂದರ ಮೇಲೊಂದು ಪೇರಿಸಿ ಡಬ್ಬಿಗೆ ಹಾಕಿದ್ರೋ, ಅದರದೇ ಆವಿಗೆ ಅದು ಕೆಟ್ಟಿತು.

ಪೂರ್ತಿ ಆರಿದ್ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ರೆ ಮಾರನೇ ದಿನವೂ ಗರಿಗರಿ. ಅಂದ್ರೆ ಶನಿವಾರದ ಅರ್ಧ ಕೆಲಸ ಶುಕ್ರವಾರವೇ ಮುಗೀತು.

ಕುವೆಂಪುನಗರದ ಸೊಸೆ · ಸೋಮವಾರ 1:40

ಓಹ್, ನಾನು ಬ್ರೆಡ್‌ನ ಹಸಿಯಾಗೇ ಇಟ್ಟು ಎಲ್ಲಾ ಒಟ್ಟಿಗೆ ಬೇಯಿಸಿದ್ದೆ! ಎರಡು ಸಲ ಸುಡಬೇಕು ಅಂತ ಗೊತ್ತೇ ಇರಲಿಲ್ಲ ಸರ್.

ಫ್ಲಾರೆನ್ಸ್ ಕನ್ನಡಿಗ · ಸೋಮವಾರ ಸಂಜೆ 6:30

ಇಟಲಿಯಿಂದ ಬರೀತಿದ್ದೀನಿ, ಓದೋಕೆ ಬಂದು ನಾಲ್ಕು ವರ್ಷ ಆಯ್ತು. ನೀವು ಹೋಟೆಲಲ್ಲಿ ತಿಂದಿದ್ದನ್ನ ಮೆನುವಲ್ಲಿ ಬ್ರುಸ್ಕೆಟ್ಟಾ ಅಂತಲೋ ಕ್ರೊಸ್ತೀನಿ ಅಂತಲೋ ಬರೆದಿರ್ತಾರೆ. ದೊಡ್ಡ ಹೋಳಾದ್ರೆ ಮೊದಲನೆಯದು, ಎರಡು ತುತ್ತಿನ ಚಿಕ್ಕ ತುಂಡಾದ್ರೆ ಎರಡನೆಯದು, ಅಷ್ಟೇ ಇಟ್ಕೊಳ್ಳಿ. ಬೆಂಗಳೂರಲ್ಲಿ ಎಲ್ಲರೂ "ಬ್ರುಶೆಟ್ಟಾ" ಅಂತಾರೆ, ಇಲ್ಲಿ ಹಾಗಂದ್ರೆ ನಗ್ತಾರೆ. "ಸ್ಕೆ". ಕೆಂಡದ ಮೇಲೆ ಸುಡೋದು ಅನ್ನೋ ಅರ್ಥದ ಪದದಿಂದ ಬಂದಿದ್ದು.

ನಾನಿರೋ ತೊಸ್ಕಾನಾ ಭಾಗದಲ್ಲಿ ಇದರ ಹೆಸರು ಫೆತ್ತುಂತಾ, ಅಂದ್ರೆ "ಎಣ್ಣೆ ಹಚ್ಚಿದ ಹೋಳು". ನವೆಂಬರಿನಲ್ಲಿ ಆಲಿವ್ ಕಿತ್ತು ಗಾಣದಿಂದ ಹೊಸ ಎಣ್ಣೆ ಬಂದಾಗ ಮಾಡ್ತಾರೆ. ಎಣ್ಣೆ ಕಡು ಹಸಿರು, ಗಂಟಲಲ್ಲಿ ಮೆಣಸಿನ ಥರ ಕೆರೆಯುತ್ತೆ. ಸುಟ್ಟ ಬ್ರೆಡ್, ಅದರ ಒರಟು ಮೈಗೆ ಹಸಿ ಬೆಳ್ಳುಳ್ಳಿ ಉಜ್ಜೋದು, ಉಪ್ಪು, ಎಣ್ಣೆ. ಮುಗೀತು. ಚಳಿ ಜೋರಾದ್ರೆ ಮೇಲೆ ಬೇಯಿಸಿದ ಕಾವೊಲೊ ನೇರೊ, ಅಂದ್ರೆ ಕಪ್ಪಗಿರೋ ಒಂದು ಜಾತಿ ಕೋಸಿನೆಲೆ. ನಮ್ಮೂರಲ್ಲಿ ಈಗ ಕೇಲ್ ಅಂತ ಸಿಗುತ್ತಲ್ಲ, ಅದರ ಅಣ್ಣ.

ಎರಡು ವಿಷಯ ಗಮನಿಸಿ. ಒಂದು, ಇಲ್ಲಿ ಬೆಳ್ಳುಳ್ಳಿಯನ್ನ ಹುರಿಯಲ್ಲ, ಸುಟ್ಟ ಬ್ರೆಡ್‌ಗೆ ಉಜ್ಜುತ್ತಾರೆ. ಬ್ರೆಡ್ಡೇ ತುರಿಯೋಮಣೆ. ಅರ್ಧ ಎಸಳಿಗೆ ನಾಲ್ಕು ತುಂಡು ಆಗುತ್ತೆ, ಆ ಘಮ ಹುರಿದ್ರೆ ಬರಲ್ಲ. ಎರಡು, ತೊಸ್ಕಾನಾದ ಬ್ರೆಡ್‌ಗೆ ಉಪ್ಪೇ ಹಾಕಲ್ಲ. ಮೊದಲ ದಿನ ನಾನು ಬೇಕರಿಯವನು ಮರೆತಿದ್ದಾನೆ ಅಂದ್ಕೊಂಡಿದ್ದೆ. ಅದಕ್ಕೇ ಇಲ್ಲಿನ ರೆಸಿಪಿಗಳಲ್ಲಿ ಮೇಲಿನದು ಉಪ್ಪುಪ್ಪಾಗಿರುತ್ತೆ. ನಮ್ಮ ಬ್ರೆಡ್‌ಗೆ ಅದೇ ಅಳತೆ ಹಾಕಿದ್ರೆ ಉಪ್ಪು ಜಾಸ್ತಿಯಾಗುತ್ತೆ.

ಚೀಸ್ ಹಾಕೋದಾದ್ರೆ ಇಲ್ಲಿ ರಿಕೊಟ್ಟಾ ಅನ್ನೋ ಚೀಸನ್ನ ಕೆಳಗೆ ಸವರಿ ಸೊಪ್ಪನ್ನ ಮೇಲಿಡ್ತಾರೆ. ಕರಗಿಸೋ ಗೋಜಿಲ್ಲ.

ಧಾರವಾಡದಾಂವ · ಸೋಮವಾರ ರಾತ್ರಿ 8:10

ಅಲ್ರೀ ಅಕ್ಕಾರ, ಸೊಪ್ಪು ಬೇಯಿಸಬೇಕಂತ ಯಾರ್ ಹೇಳ್ಯಾರ? ನಮ್ ಕಡೆ ಜ್ವಾಳದ ರೊಟ್ಟಿ ಜೋಡಿ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲ ಎಲ್ಲಾ ಹಸೀನ ತಿಂತೀವಿ. ಫ್ಲಾರೆನ್ಸಿನ ಅಣ್ಣಾರು ಅಂದಂಗ ಕೆಳಗ ಚೀಸ್ ಸವರ್ರಿ, ಮ್ಯಾಲ ಹಕ್ಕರಕಿ ಸಣ್ಣಗ ಹೆಚ್ಚಿ ಇಡ್ರಿ, ಒಂದ್ ಚಮಚಾ ಗುರೆಳ್ಳ ಹಿಂಡಿ, ಅಂದ್ರ ಚಟ್ನಿಪುಡಿ, ಉದುರಸ್ರಿ. ಹಕ್ಕರಕಿ ಚೂರು ಕಹಿ ಇರ್ತದ, ಚೀಸಿನ ಜಿಡ್ಡಿಗೆ ಬಾಳ ಛಲೋ ಕೂಡ್ತದ. ಹಿಂಡೂದು ಇಲ್ಲ, ಬಸಿಯೂದೂ ಇಲ್ಲ.

ಒಂದ ಮಾತು: ಉಪ್ಪು ಮೊದಲ ಹಾಕಬ್ಯಾಡ್ರಿ. ತಿನ್ನೂ ಹೊತ್ತಿಗೆ ಹಾಕ್ರಿ.

ಕುವೆಂಪುನಗರದ ಸೊಸೆ · ಸೋಮವಾರ 8:25

ಹಕ್ಕರಕಿ ಮೈಸೂರಲ್ಲಿ ಎಲ್ಲಿಂದ ತರಲಿ ಅಣ್ಣ!

ಧಾರವಾಡದಾಂವ · ಸೋಮವಾರ 8:31

ಅದಕ್ಕ ಧಾರವಾಡಕ್ಕ ಬರ್ರಿ ಅನ್ನೂದು. ಇಲ್ಲಾಂದ್ರ ಎಳೀ ಮೆಂತ್ಯೆ ತಗೋರ್ರಿ, ಎರಡೇ ಎಲಿ ಬಂದಿರ್ತಾವಲ್ಲ, ಅಂಥಾದ್ದು. ಬಲತದ್ದು ಬ್ಯಾಡ, ಹಸೀದು ಕಹಿ ಹತ್ತತದ.

ಕುಡ್ಲದ ಹೆಂಗಸು · ಸೋಮವಾರ 9:50

ಸೊಪ್ಪಿನ ವಿಷಯ ಬಂದದ್ದಕ್ಕೆ ಹೇಳ್ತೇನೆ, ಬಸಳೆ ಹಾಕಬೇಡಿ ಮಾರಾಯ್ರೆ. ಮನೆ ಹಿಂದೆ ಚಪ್ಪರ ತುಂಬ ಬಸಳೆ ಉಂಟು, ಪಾಲಕಿಗೆ ಯಾಕೆ ದುಡ್ಡು ಕೊಡುವುದು ಅಂತ ನಾನೊಮ್ಮೆ ಹಾಕಿದೆ. ಲೋಳೆ. ಚೀಸ್ ಒಂದು ಕಡೆ ಎಳೆಯುವುದು, ಬಸಳೆ ಇನ್ನೊಂದು ಕಡೆ. ಬಸಳೆಗೆ ತೆಂಗಿನಕಾಯಿ ಕೊದ್ದೆಲೇ ಸರಿ.

ಕೆಂಪು ಹರಿವೆ ಹಾಕಿದ್ರೆ ರುಚಿ ಒಳ್ಳೇದಾಗ್ತದೆ, ಆದರೆ ಬಿಳಿ ಚೀಸ್ ಎಲ್ಲ ಗುಲಾಬಿ ಬಣ್ಣ. ಮಕ್ಕಳಿಗೆ ಖುಷಿ. ಆಫೀಸಿನವರಿಗೆ ಹೇಗೋ ಗೊತ್ತಿಲ್ಲ.

ಹಾಲಿನ ಲೆಕ್ಕ · ಮಂಗಳವಾರ ಬೆಳಗ್ಗೆ 7:15

ಡೇರಿ ತಂತ್ರಜ್ಞಾನ ಓದಿದವನು, ಆದ್ದರಿಂದ ಚೀಸ್ ಬಗ್ಗೆ ನಾಲ್ಕು ಮಾತು. ಇಲ್ಲಿ ಯಾರೂ ಇನ್ನೂ ಪನೀರ್ ಎತ್ತಿಲ್ಲ, ಇವತ್ತು ಸಂಜೆಯೊಳಗೆ ಯಾರಾದರೂ "ಪನೀರ್ ತುರಿದು ಹಾಕಿ" ಅಂತಾರೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ: ಪನೀರ್ ಕರಗುವುದಿಲ್ಲ. ಎಷ್ಟು ಬಿಸಿ ಕೊಟ್ಟರೂ ಕರಗುವುದಿಲ್ಲ. ಬಿಸಿ ಹಾಲಿಗೆ ಹುಳಿ ಹಾಕಿ ಒಡೆದಾಗ, ಹಾಲಿನ ಪ್ರೋಟೀನನ್ನು ಹಿಡಿದಿಟ್ಟಿದ್ದ ಕ್ಯಾಲ್ಸಿಯಂನ ಬಹುಪಾಲು ಒಡಕು ನೀರಿನ ಜೊತೆ ಹೊರಟುಹೋಗುತ್ತದೆ. ಉಳಿದ ಪ್ರೋಟೀನ್ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಾಯಿಸಿದಷ್ಟೂ ನೀರು ಬಿಟ್ಟು ಗಟ್ಟಿಯಾಗುತ್ತದೆಯೇ ಹೊರತು ಹರಿಯುವುದಿಲ್ಲ. ಪನೀರ್ ಟಿಕ್ಕಾ ಕೆಂಡದ ಮೇಲೆ ನಿಲ್ಲುವುದು ಇದರಿಂದಲೇ.

ಮೊಝರೆಲ್ಲಾ ರೆನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸಿದ್ದು. ಹುಳಿ ಒಂದು ಹದಕ್ಕೆ ಬಂದಾಗ, ಪಿಎಚ್ ಸುಮಾರು 5.2–5.4, ಬಿಸಿ ನೀರಿನಲ್ಲಿ ಎಳೆದು ನಾದುತ್ತಾರೆ. ಅದಕ್ಕೇ ಅದು ಎಳೆ ಎಳೆಯಾಗಿ ಬರುವುದು. ಟೋಸ್ಟ್‌ಗೆ ನೀರಿನಲ್ಲಿರುವುದು ಬೇಡ. ಪಿಜ್ಜಾಗೆಂದು ಗಟ್ಟಿ ಇಟ್ಟಿಗೆಯಾಗಿ ಬರುತ್ತದಲ್ಲ, ಅದನ್ನು ತುರಿದುಕೊಳ್ಳಿ.

ನಮ್ಮ ಮನೆಗಳಲ್ಲಿರುವ ಕ್ಯೂಬ್, ಸ್ಲೈಸ್ ಎಲ್ಲ ಪ್ರೊಸೆಸ್ಡ್ ಚೀಸ್. ಅದರಲ್ಲಿ ಸಿಟ್ರೇಟ್ ಅಥವಾ ಫಾಸ್ಫೇಟ್ ಲವಣ ಸೇರಿಸಿರುತ್ತಾರೆ, ಕೊಬ್ಬು ಮತ್ತು ನೀರು ಬೇರೆಯಾಗದ ಹಾಗೆ ಅದು ಹಿಡಿದಿಡುತ್ತದೆ. ಎಣ್ಣೆ ಬಿಡದೆ ಮೆತ್ತಗೆ ಕರಗುತ್ತದೆ, ನೀರು ಕಡಿಮೆ, ಆದರೆ ಉಪ್ಪು ಜಾಸ್ತಿ. "ಅಸಲಿ ಚೀಸ್ ಅಲ್ಲ" ಅಂತ ಮೂಗು ಮುರಿಯುವವರಿದ್ದಾರೆ. ಈ ಕೆಲಸಕ್ಕೆ ನನ್ನ ಆಯ್ಕೆ ಅರ್ಧ ಅದು, ಅರ್ಧ ಗಟ್ಟಿ ಮೊಝರೆಲ್ಲಾ. ಒಂದು ಹಿಡಿಯುತ್ತದೆ, ಒಂದು ಎಳೆಯುತ್ತದೆ.

ರಿಕೊಟ್ಟಾ ಬಗ್ಗೆ: ಆ ಪದದ ಅರ್ಥವೇ "ಮತ್ತೆ ಬೇಯಿಸಿದ್ದು". ಚೀಸ್ ಮಾಡಿ ಉಳಿದ ಒಡಕು ನೀರನ್ನು ಪುನಃ 85–90 ಡಿಗ್ರಿಗೆ ಕಾಯಿಸಿದಾಗ ತೇಲಿಬರುವ ಕೆನೆಯಂಥ ಪದಾರ್ಥ ಅದು. ಹಾಲಿಗೆ ನಿಂಬೆ ಹಿಂಡಿ "ಮನೆಯಲ್ಲೇ ರಿಕೊಟ್ಟಾ" ಅಂತ ವಿಡಿಯೋದಲ್ಲಿ ತೋರಿಸುವುದು ಒತ್ತದ ಪನೀರ್. ರುಚಿಯಾಗಿರುತ್ತದೆ, ಬೇಡ ಅನ್ನುತ್ತಿಲ್ಲ, ಹೆಸರು ಬೇರೆ ಅಷ್ಟೇ.

ಓಟಿಜಿ ಪ್ರಯೋಗಿ · ಮಂಗಳವಾರ 7:40

ಸರ್, ಪನೀರ್ ಕರಗದಿದ್ರೇನು? ಪುಡಿ ಮಾಡಿ ಸೊಪ್ಪಿನ ಜೊತೆ ಬೆರೆಸಿದ್ರೆ ಉಳಿದ ತೇವ ಹೀರ್ಕೊಳ್ಳುತ್ತೆ. ನಾನು ಮಾಡಿದ್ದೀನಿ.

ಹಾಲಿನ ಲೆಕ್ಕ · ಮಂಗಳವಾರ 7:52

ನೋಡಿ, ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಬೆರೆಸುವುದಕ್ಕೆ ಒಪ್ಪಿದೆ. ಮೇಲಿನ ಪದರಕ್ಕೆ ಬೇಡ.

ಮಡಿ ಅಡುಗೆ · ಮಂಗಳವಾರ 9:05

ರೆನೆಟ್ ಅಂದ್ರಲ್ಲ, ಅದು ಕರುವಿನ ಹೊಟ್ಟೆಯಿಂದ ತೆಗೆಯೋದು ಅಂತ ಕೇಳಿದ್ದೀನಿ. ನಮ್ಮನೆಯಲ್ಲಿ ಮೊಟ್ಟೆಯೂ ತರಲ್ಲ. ಸೊಸೆಯವರ ಮನೆಗೆ ಬರೋ ಹಿರಿಯರಲ್ಲೂ ಅಂಥವರಿರಬಹುದು.

ಹಾಲಿನ ಲೆಕ್ಕ · ಮಂಗಳವಾರ 9:30

ಒಳ್ಳೆ ಪ್ರಶ್ನೆ. ಮೂಲದಲ್ಲಿ ಅದು ಎಳೆಗರುವಿನ ಜಠರದಿಂದಲೇ. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಇದೆ, ನಮ್ಮ ದೇಶದ ಕಂಪನಿಗಳ ಹಸಿರು ಚುಕ್ಕೆಯ ಚೀಸ್‌ಗಳು ಅದರಲ್ಲೇ ಆದವು. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತನ್ನಿ, ಸಾಕು. ಎಚ್ಚರ ಬೇಕಿರುವುದು ವಿದೇಶದಿಂದ ಯಾರಾದರೂ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಪಾರ್ಮಿಜಾನೊ ರೆಜ್ಜಾನೊ ಎಂಬ ಇಟಲಿಯ ಚೀಸ್‌ಗೆ. ಆ ಹೆಸರಿಟ್ಟು ಮಾರಬೇಕಾದರೆ ಕರುವಿನ ರೆನೆಟ್ಟೇ ಬಳಸಬೇಕು ಎಂಬುದು ಅಲ್ಲಿನ ನಿಯಮ.

ಫ್ಲಾರೆನ್ಸ್ ಕನ್ನಡಿಗ · ಮಂಗಳವಾರ ಮಧ್ಯಾಹ್ನ 12:45

ಇದು ನನಗೆ ಇಲ್ಲಿಗೆ ಬಂದು ಒಂದು ವರ್ಷ ಆದ್ಮೇಲೆ ಗೊತ್ತಾಗಿದ್ದು. ಅಷ್ಟರಲ್ಲಿ ಊರಿಗೆ ಹೋದಾಗ ಅಜ್ಜಿಗೆ ಪಾಸ್ತಾ ಮೇಲೆ ತುರಿದು ಹಾಕಿ ತಿನ್ನಿಸಿಯೂ ಆಗಿತ್ತು. ಅಜ್ಜಿಗೆ ಇವತ್ತಿಗೂ ಹೇಳಿಲ್ಲ.

ಅಂದಹಾಗೆ ಬೆಂಗಳೂರಲ್ಲಿ ವಲ್ಲೊಂಬ್ರೋಸ ಅನ್ನೋ ಹೆಸರಲ್ಲಿ ಕ್ರೈಸ್ತ ಸನ್ಯಾಸಿಗಳು ಇಟಲಿ ಶೈಲಿಯ ಚೀಸ್ ಮಾಡ್ತಾ ಬಂದಿದ್ದಾರೆ, ರಿಕೊಟ್ಟಾ ಕೂಡ. ಅವರ ಪಂಥದ ಮೂಲ ಮಠ ವಲ್ಲೊಂಬ್ರೋಸಾ ನಾನಿರೋ ಊರಿನ ಹತ್ತಿರದ ಕಾಡಿನಲ್ಲಿದೆ, 11ನೇ ಶತಮಾನದ್ದು. ಬೇಸಿಗೆಯಲ್ಲಿ ಹೋಗಿದ್ದೆ. ಸುತ್ತ ಎತ್ತರದ ಫರ್ ಮರಗಳು, ಕೊಡಗಿನಲ್ಲಿದ್ದ ಹಾಗೇ ಅನ್ನಿಸಿತು.

ಬಸವನಗುಡಿ ಅಜ್ಜಿ · ಮಂಗಳವಾರ ಸಂಜೆ 4:20

ಎಲ್ಲಾ ಓದಿದೆ ಕಣ್ರಪ್ಪ. ಇಟಲಿ, ಫ್ರಾನ್ಸು ಎಲ್ಲಾ ಸರಿ, ನಮ್ಮ ಅಯ್ಯಂಗಾರ್ ಬೇಕರಿ ಟೋಸ್ಟ್ ಯಾರೂ ನೆನೆಸಲಿಲ್ವಲ್ಲ! ದಪ್ಪ ಬ್ರೆಡ್ ಹೋಳನ್ನ ಕಾವಲಿ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಸುಟ್ಟು, ಮೇಲೆ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿದ ಗೊಜ್ಜಿನಂಥ ಮಸಾಲೆ ಹರಡಿ ಕಾಗದದ ಮೇಲೆ ಕೊಡ್ತಾರೆ. ಅದೂ ತೆರೆದ ಟೋಸ್ಟೇ ತಾನೆ? ಚಿಕ್ಕಪೇಟೆಯ ಬಿ.ಬಿ. ಬೇಕರಿ 1898ರದ್ದು, ಹಾಸನದ ಕಡೆಯಿಂದ ಬಂದವರು ಶುರು ಮಾಡಿದ್ದು. ಆಮೇಲೆ ಊರೂರಿಗೂ ಅಯ್ಯಂಗಾರ್ ಬೇಕರಿ ಆಯಿತು.

ಖಾರಾ ಬನ್ ತಿನ್ನೋವಾಗ ಒಂದು ಘಮ ಬರುತ್ತಲ್ಲ, ಅದು ಸಬ್ಬಸಿಗೆ ಸೊಪ್ಪು. ಬ್ರೆಡ್‌ಗೆ ಸೊಪ್ಪು ಅಂದ್ರೆ ನನಗೆ ಮೊದಲು ನೆನಪಾಗೋದು ಅದೇ. ಮಗಳೇ, ನಿನ್ನ ಪಾಲಕ್ಕಿಗೆ ಒಂದು ಹಿಡಿ ಸಬ್ಬಸಿಗೆ ಸೇರಿಸಿ ನೋಡು. ಬರೀ ಪಾಲಕ್‌ಗೆ ಏನು ರುಚಿ ಇದೆ ಹೇಳು? ಬಣ್ಣ ಇದೆ, ಅಷ್ಟೇ. ಸಬ್ಬಸಿಗೆ ಬೇಯಿಸಬೇಡ, ಹಿಂಡಿದ ಪಾಲಕ್‌ಗೆ ಹಸಿದನ್ನೇ ಸಣ್ಣಗೆ ಕೊಚ್ಚಿ ಬೆರೆಸು.

ಕುವೆಂಪುನಗರದ ಸೊಸೆ · ಮಂಗಳವಾರ 4:35

ಅಮ್ಮಾ, ಇದು ಬಂಗಾರದಂಥ ಮಾತು. ನಾಳೆಯೇ ನೋಡ್ತೀನಿ.

ಮಡಿ ಅಡುಗೆ · ಮಂಗಳವಾರ ರಾತ್ರಿ 8:00

ಇನ್ನೊಂದು ಅನುಮಾನ. ಪಾಲಕ್, ಹಾಲಿನ ಪದಾರ್ಥ ಸೇರಿದ್ರೆ ಕಿಡ್ನಿಯಲ್ಲಿ ಕಲ್ಲಾಗುತ್ತೆ ಅಂತಾರಲ್ಲ?

ಹಾಲಿನ ಲೆಕ್ಕ · ಮಂಗಳವಾರ 8:45

ಬಹಳ ಜನ ಹಾಗೆ ನಂಬಿದ್ದಾರೆ, ಆದರೆ ಅದು ತಿರುಗುಮುರುಗು. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ. ತಿಂದಾಗ ಹಲ್ಲು ಜುಂ ಅನ್ನುವುದು ಅದರಿಂದ. ಅದೇ ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಎರಡೂ ಕರುಳಿನಲ್ಲೇ ಅಂಟಿಕೊಂಡು ಮಲದಲ್ಲಿ ಹೋಗುತ್ತವೆ, ರಕ್ತಕ್ಕೆ ಸೇರಿ ಮೂತ್ರಪಿಂಡ ತಲುಪುವ ಆಕ್ಸಲೇಟ್ ಕಡಿಮೆಯಾಗುತ್ತದೆ. ಚೀಸ್ ಇರುವುದು ಆ ಮಟ್ಟಿಗೆ ಒಳ್ಳೆಯದೇ. ನಷ್ಟ ಏನೆಂದರೆ ಆ ಕ್ಯಾಲ್ಸಿಯಂ ಮೈಗೆ ದಕ್ಕುವುದಿಲ್ಲ. ಆದರೆ ಈಗಾಗಲೇ ಕಲ್ಲಿನ ತೊಂದರೆ ಇರುವವರು ಪಾಲಕ್ಕೇ ಮಿತವಾಗಿ ತಿನ್ನಬೇಕು, ಅವರ ಡಾಕ್ಟರ ಮಾತೇ ಅಂತಿಮ.

ಕುದಿಸಿ ನೀರು ಚೆಲ್ಲಿದರೆ ಆಕ್ಸಲೇಟ್‌ನ ಒಂದಷ್ಟು ಪಾಲು ನೀರಿನ ಜೊತೆ ಹೋಗುತ್ತದೆ.

ಮದ್ದೂರು ಕಡೆಯವಳು · ಮಂಗಳವಾರ 8:58

ಚೆಲ್ಲೋದಾ?! ಕಟ್ಟು ಚೆಲ್ಲಿದ್ರೆ ನಮ್ಮತ್ತೆ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ ಸರ್.

ಹಾಲಿನ ಲೆಕ್ಕ · ಮಂಗಳವಾರ 9:03

ಕಲ್ಲಿಲ್ಲದವರು ಸಾರು ಮಾಡಿಕೊಳ್ಳಲಿ ತಾಯಿ. ನಾನು ಅತ್ತೆ ಸೊಸೆ ಮಧ್ಯೆ ಬರುವುದಿಲ್ಲ.

ಕುವೆಂಪುನಗರದ ಸೊಸೆ · ಬುಧವಾರ ರಾತ್ರಿ 9:15

ಎರಡನೇ ಪರೀಕ್ಷೆ ವರದಿ. ಪೌಂಡ್ ಬ್ರೆಡ್ ತಂದೆ. ಮೊದಲೇ ಸುಟ್ಟು ಜಾಲರಿ ಮೇಲೆ ಆರಿಸಿದೆ. ಪಾಲಕ್ ಹಿಂಡಿದೆ, ಇನ್ನೊಂದು ಸಲವೂ ಹಿಂಡಿದೆ. ಎರಡನೇ ಸಲ ಬಂದ ನೀರು ನೋಡಿ ನನಗೇ ನಾಚಿಕೆ ಆಯ್ತು. ಸಬ್ಬಸಿಗೆ, ಒಂದು ಚಿಟಿಕೆ ಜಾಯಿಕಾಯಿ, ಅರ್ಧ ಚಮಚ ಕುಟ್ಟಿದ ಮೆಣಸು. ಮೇಲೆ ಅರ್ಧ ಅರ್ಧ ಚೀಸ್. ಈ ಸಲ ಇಪ್ಪತ್ತು ನಿಮಿಷ ಆದ್ರೂ ಕಟುಂ ಅಂತು!

ಒಂದೇ ಕೊರತೆ, ಕಚ್ಚಿದಾಗ ಸೊಪ್ಪು ಪುಡಿಪುಡಿಯಾಗಿ ಉದುರುತ್ತೆ. ಹಿಂಡಿದ್ದು ಜಾಸ್ತಿ ಆಯ್ತಾ?

ಓಟಿಜಿ ಪ್ರಯೋಗಿ · ಬುಧವಾರ 9:40

ಹಿಂಡಿದ್ದು ಸರಿಯಾಗೇ ಇದೆ, ಹಿಡಿದುಕೊಳ್ಳೋಕೆ ಏನೂ ಇಲ್ಲ ಅಷ್ಟೇ. ಗಟ್ಟಿ ಬಿಳಿ ಸಾಸ್ ಮಾಡಿ: ಎರಡು ಚಮಚ ಬೆಣ್ಣೆ, ಎರಡು ಚಮಚ ಮೈದಾ ಹಸಿ ವಾಸನೆ ಹೋಗೋವರೆಗೂ ಹುರಿದು, ಒಂದು ಕಪ್ ಹಾಲು ಸ್ವಲ್ಪ ಸ್ವಲ್ಪವಾಗಿ. ಚಮಚದಿಂದ ದಪ್ಪಗೆ ಬೀಳಬೇಕು. ಸೊಪ್ಪಿಗೆ ಎಷ್ಟು ಬೇಕೋ ಅಷ್ಟೇ ಸೇರಿಸಿ, ಪೂರ್ತಿ ಸುರೀಬೇಡಿ.

ಕುಡ್ಲದ ಹೆಂಗಸು · ಬುಧವಾರ 10:05

ಮೈದಾ ಬೇಡದವರಿಗೆ ಕಟ್ಟಿದ ಮೊಸರು ಆಗ್ತದೆ. ರಾತ್ರಿ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಲ್ಲೇ ಪಾತ್ರೆ ಮೇಲೆ ಇಳಿಬಿಡಿ. ಬೆಳಿಗ್ಗೆ ಗಟ್ಟಿ ಕೆನೆಯ ಹಾಗೆ ಇರ್ತದೆ. ಇದನ್ನು ಓವನಿಗೆ ಇಡಬೇಡಿ ಮಾತ್ರ, ಒಡೆಯುತ್ತದೆ. ತಣ್ಣಗಿನ ಟೋಸ್ಟಿಗೆ ಸವರಲಿಕ್ಕೆ.

ಹೊಸಬ 77 · ಗುರುವಾರ ಬೆಳಗ್ಗೆ 8:30

ಇನ್ನೊಂದು ಐಡಿಯಾ. ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಹಾಕಿ ಬಾಟಲಿಯಲ್ಲಿಟ್ಟುಕೊಳ್ಳಿ. ಅಡುಗೆಮನೆ ಕಟ್ಟೆ ಮೇಲೇ ಇರಲಿ, ಬೇಕಾದಾಗ ಬ್ರೆಡ್‌ಗೆ ಸವರಬಹುದು. ನಾನು ತಿಂಗಳುಗಟ್ಟಲೆ ಇಡ್ತೀನಿ.

ಹಾಲಿನ ಲೆಕ್ಕ · ಗುರುವಾರ 8:50

ದಯವಿಟ್ಟು ಹಾಗೆ ಮಾಡಬೇಡಿ. ಹಸಿ ಬೆಳ್ಳುಳ್ಳಿಯಲ್ಲಿ ಮಣ್ಣಿನಿಂದ ಬಂದ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿ ಇಲ್ಲ, ಕೋಣೆಯ ಬೆಚ್ಚಗೆ: ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಡ. ಅದರ ವಿಷ ಪ್ರಾಣಕ್ಕೇ ಬರುವಂಥದ್ದು, ವಾಸನೆಯಲ್ಲಿ ಗೊತ್ತಾಗುವುದೂ ಇಲ್ಲ. ಬೇಕಾದಷ್ಟು ಅವತ್ತೇ ಮಾಡಿ, ಉಳಿದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಈಗಿರುವ ಬಾಟಲಿ ಇವತ್ತೇ ಎಸೆಯಿರಿ.

ಹೊಸಬ 77 · ಗುರುವಾರ 9:10

ಎಸೆದೆ ಸರ್. ಕೈ ನಡುಗ್ತಿದೆ.

ಕುವೆಂಪುನಗರದ ಸೊಸೆ · ಗುರುವಾರ ರಾತ್ರಿ 9:00

ಇಪ್ಪತ್ತು ಜನಕ್ಕೆ ತಲೆಗೆ ಮೂರು ಅಂದ್ರೆ ಅರವತ್ತು ತುಂಡು. ನನ್ನ ಓಟಿಜಿ ಟ್ರೇಗೆ ಹದಿನೈದು ಹಿಡಿಯುತ್ತೆ. ಎಷ್ಟು ಸೊಪ್ಪು, ಯಾವಾಗ ಏನು, ಯಾರಾದ್ರೂ ಲೆಕ್ಕ ಹಾಕಿಕೊಡಿ. ನನ್ನ ತಲೆ ಓಡ್ತಿಲ್ಲ.

ಓಟಿಜಿ ಪ್ರಯೋಗಿ · ಗುರುವಾರ 9:45

ಬಿಡಿಸಿ ತೊಳೆದ ಮೇಲೆ ಒಂದೂವರೆ ಕೆಜಿ ಪಾಲಕ್ ಇರಲಿ. ಹಿಂಡಿದ್ಮೇಲೆ ಅರ್ಧ ಕೆಜಿ ಆಸುಪಾಸು ಉಳಿಯುತ್ತೆ. ಚೀಸ್ ಎರಡೂ ಸೇರಿ ಮುನ್ನೂರೈವತ್ತು ಗ್ರಾಂ. ಶುಕ್ರವಾರ ಸಂಜೆ ಬ್ರೆಡ್ ಸುಟ್ಟು ಆರಿಸಿ ಡಬ್ಬಿಗೆ. ಅವತ್ತೇ ಸೊಪ್ಪು ಹಿಂಡಿ, ಸಾಸ್ ಬೆರೆಸಿ ಫ್ರಿಜ್ಜಿಗೆ. ಬ್ರೆಡ್ ಮೇಲೆ ಮಾತ್ರ ಹರಡಬೇಡಿ. ಶನಿವಾರ ಜನ ಬರೋಕೆ ಅರ್ಧ ಗಂಟೆ ಮುಂಚೆ ಸೊಪ್ಪಿನ ಮಿಶ್ರಣ ಆಚೆ ತೆಗೆದಿಡಿ. ಮೊದಲ ಹದಿನೈದಕ್ಕೆ ಹಚ್ಚಿ ಚೀಸ್ ಹಾಕಿ 200ರಲ್ಲಿ ನಾಲ್ಕೈದು ನಿಮಿಷ, ಮೇಲಿನ ಕಾಯಿಲ್ ಮಾತ್ರ ಉರಿಯೋ ಹಾಗೆ. ಒಂದು ಟ್ರೇ ಆಚೆ ಹೋದಾಗ ಇನ್ನೊಂದು ಒಳಗೆ. ಎಲ್ಲಾ ಒಟ್ಟಿಗೆ ಜೋಡಿಸಿಡೋ ಆಸೆಗೆ ಬೀಳಬೇಡಿ.

ಫ್ಲಾರೆನ್ಸ್ ಕನ್ನಡಿಗ · ಗುರುವಾರ 10:20

ಅರವತ್ತರಲ್ಲಿ ಹದಿನೈದನ್ನ ಓವನ್‌ಗೆ ಇಡದೇ ಮಾಡಿ ಅಕ್ಕ. ಬೆಳ್ಳುಳ್ಳಿ ಉಜ್ಜಿ, ಕಟ್ಟಿದ ಮೊಸರು ಸವರಿ, ಧಾರವಾಡದವರ ಎಳೆ ಮೆಂತ್ಯ. ಮೊದಲ ಟ್ರೇ ಬೇಯೋವರೆಗೂ ಕೈಗೆ ಏನಾದ್ರೂ ಸಿಗುತ್ತೆ.

ಕುವೆಂಪುನಗರದ ಸೊಸೆ · ಭಾನುವಾರ ಮಧ್ಯಾಹ್ನ 12:10

ಆಯ್ತು! ಅರವತ್ತೂ ಖಾಲಿ. ಕರಗಿದ ಚೀಸಿನದ್ದು ಮಕ್ಕಳು, ಆಫೀಸಿನವರು ಹೊಡೆದ್ರು. ಹಿರಿಯರು ಮುಗಿಬಿದ್ದಿದ್ದು ಮೆಂತ್ಯದ್ದಕ್ಕೆ, ನಾನಿದನ್ನ ನಿರೀಕ್ಷೆ ಮಾಡಿರಲಿಲ್ಲ. ಗುರೆಳ್ಳು ಪುಡಿ ಹಾಕಿದ್ದೆ ಅಣ್ಣ. ಮಾವನವರ ಸ್ನೇಹಿತರೊಬ್ಬರು ಬಾಗಲಕೋಟೆ ಕಡೆಯವರು, ಒಂದು ಕಚ್ಚಿ "ಇದೇನ್ರೀ, ನಮ್ಮ ಮನಿ ರುಚಿ ಬಂತಲ್ಲ" ಅಂದ್ರು. ಮೂರನೇ ಟ್ರೇ ಸ್ವಲ್ಪ ಅಂಚು ಸೀದಿತು, ಯಾರೋ ಭಾಷಣ ಮಾಡ್ತಿದ್ರು, ನಾನು ಕೇಳ್ತಾ ನಿಂತುಬಿಟ್ಟೆ. ಮಿಕ್ಕಿದ್ದ ಒಣ ಟೋಸ್ಟ್ ಇವತ್ತು ಬೆಳಗ್ಗೆ ಮಾವನವರು ಕಾಫಿಗೆ ಅದ್ದಿ ತಿಂದ್ರು.

ಶುಕ್ರವಾರ ಬಸಿದಿದ್ದ ಕಟ್ಟನ್ನ ಫ್ರಿಜ್ಜಲ್ಲಿಟ್ಟಿದ್ದೆ, ಈಗ ಬಸ್ಸಾರು ಕುದೀತಿದೆ. ಮಾವನವರಿಗೆ ಹಿಂದೆ ಕಲ್ಲಾಗಿತ್ತು, ಅವರಿಗೆ ಬೇರೆ ರಸಂ.

ಮದ್ದೂರು ಕಡೆಯವಳು · ಭಾನುವಾರ 12:18

ಭೇಷ್! ಕಾಳು ಯಾವುದು ಹಾಕಿದ್ರಿ? ಹುರುಳಿನಾ, ಅಲಸಂದೆನಾ?

ಕುವೆಂಪುನಗರದ ಸೊಸೆ · ಭಾನುವಾರ 12:21

ಎರಡೂ ನೆನೆಹಾಕೋಕೆ ಮರೆತೆ. ಡಬ್ಬಿ ಸ್ವೀಟ್‌ಕಾರ್ನ್ ಇತ್ತು.

ಮದ್ದೂರು ಕಡೆಯವಳು · ಭಾನುವಾರ 12:22

ಅಕ್ಕಾ!!